ಬಾವುಟಗುಡ್ಡೆಯ ಭಿತ್ತಿಚಿತ್ರಗಳು

ಮಂಗಳೂರನ್ನು ನೋಡಲು ಬರುವ ಪರವೂರಿನವರು ಮೊದಲು ಕದ್ರಿಗೆ ಹೋಗುತ್ತಾರೆ. ಆಳುಪ ಕುಂದವರ್ಮ ಕ್ರಿ. ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿಯ ಮುಂದೆ ಕೈಮುಗಿದು, ಸಂಜೆ ಕಡಲ ದಂಡೆಯಲ್ಲಿ ಒಂದಿಷ್ಟು ಹೊತ್ತು ಕುಳಿತು ರಾತ್ರಿಯ ಬಸ್ಸು ಹಿಡಿಯುತ್ತಾರೆ. ಊರ ನಡುವೆ ಬಾವುಟಗುಡ್ಡೆಯ ಮೇಲೆ ನಿಂತಿರುವ ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆಯ ಚಾಪೆಲನ್ನು ಹೊಕ್ಕು ಬರುವವರೂ ಉಂಟು. ಅವರಿಗೆ ದಾರಿ ತೋರಿಸುವವರು ತಪ್ಪದೆ ಹೇಳುವ ಮಾತು ಒಂದೇ: "ಇದು ಭಾರತದ ಸಿಸ್ಟೈನ್ ಚಾಪೆಲ್." ಈ ಹೋಲಿಕೆಯಿಂದ ರೋಮಿಗೆ ನಷ್ಟವೇನೂ ಇಲ್ಲ, ಮಂಗಳೂರಿಗೆ ಮಾತ್ರ ಅನ್ಯಾಯವಾಗಿದೆ. ಇನ್ನೊಬ್ಬರ ಮನೆಯ ನೆನಪಿನಲ್ಲಿ ನಮ್ಮ ಮನೆಯನ್ನು ನೋಡಿದರೆ ನಮ್ಮ ಮನೆಯಲ್ಲಿ ಏನಿದೆಯೆಂಬುದೇ ಕಾಣುವುದಿಲ್ಲ.

ಏನಿದೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಬಂದ ಒಂದೇ ವರ್ಷದಲ್ಲಿ, 1880ರ ಜನವರಿಯಲ್ಲಿ, ಅವರು ಕಾಲೇಜು ತೆರೆದರು. ಗುಡ್ಡೆಯ ಮೇಲಿನ ಕಟ್ಟಡ ಅನಂತರದ ಕೆಲವು ವರ್ಷಗಳಲ್ಲಿ ಎದ್ದಿತು; ಅದರ ಜೊತೆಗೇ ಈ ಚಾಪೆಲೂ ಬೆಳೆಯಿತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿ, ಮಂಗಳೂರು ಹೆಂಚು ಕಡಲು ದಾಟತೊಡಗಿದ್ದ ಕಾಲವದು. ಹೊರಗಿನಿಂದ ನೋಡಿದರೆ ಚಾಪೆಲು ಆ ಕಾಲದ ಇತರ ಕಟ್ಟಡಗಳಂತೆಯೇ: ಬಿಳಿಯ ಗೋಡೆ, ಕೆಂಪು ಹೆಂಚಿನ ಮಾಡು. ಕಟ್ಟಿ ಮುಗಿದು ಹದಿನಾಲ್ಕು ಹದಿನೈದು ವರ್ಷಗಳವರೆಗೆ ಒಳಗಿನ ಗೋಡೆಗಳ ಮೇಲೆ ಚಿತ್ರಗಳಿರಲಿಲ್ಲ.

ಅವುಗಳನ್ನು ಬರೆದವನು ಅಂತೋನಿಯೊ ಮೊಸ್ಕೆನಿ. ಉತ್ತರ ಇಟಲಿಯ ಬೆರ್ಗಮೊ ಪಟ್ಟಣದ ಸಮೀಪದ ಸ್ತೆಜ್ಜಾನೊ ಎಂಬ ಹಳ್ಳಿಯಲ್ಲಿ 1854ರಲ್ಲಿ ಹುಟ್ಟಿದವನು. ಬೆರ್ಗಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವನು. ತನ್ನ ನಾಡಿನ ಇಗರ್ಜಿಗಳ ಗೋಡೆಗಳ ಮೇಲೆ ಕೈಪಳಗಿಸಿಕೊಂಡು ಹೆಸರು ಬರುವ ಹೊತ್ತಿಗೆ, ಮೂವತ್ತೈದನೆಯ ವಯಸ್ಸಿನಲ್ಲಿ, 1889ರಲ್ಲಿ ಯೇಸುಸಭೆಯನ್ನು ಸೇರಿದ. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದ. ಸಭೆಯೊಳಗೆ ಬ್ರದರುಗಳು ಅಡುಗೆ, ಬಡಗಿತನ, ತೋಟಗಾರಿಕೆಯಂತಹ ಕೆಲಸಗಳನ್ನು ನೋಡಿಕೊಳ್ಳುವುದು ವಾಡಿಕೆ. ಇವನ ಪಾಲಿಗೆ ಬಂದ ಕೆಲಸ ಗೋಡೆಗೆ ಬಣ್ಣ ಹಚ್ಚುವುದು. ಆ ವಿನಯದಿಂದಲೇ ಮಂಗಳೂರಿಗೆ ಬಂದು, 1899ರಿಂದ 1901ರೊಳಗೆ, ಸುಮಾರು ಎರಡು ವರ್ಷಗಳಲ್ಲಿ ಇಡೀ ಚಾಪೆಲನ್ನು ಚಿತ್ರಗಳಿಂದ ತುಂಬಿದ. ಇಂದು ಒಳಗೆ ನಿಂತು ನೋಡಿದರೆ ಬರಿದಾದ ಒಂದು ಮೊಳ ಗೋಡೆಗಾಗಿ ಹುಡುಕಬೇಕಾಗುತ್ತದೆ.

ಹುಡುಕುವಾಗಲೇ ಕಣ್ಣು ಮೊದಲ ಬಾರಿ ಮೋಸಹೋಗುತ್ತದೆ. ಕಮಾನುಗಳ ಮೇಲೆ ಉಬ್ಬಿ ನಿಂತ ಹೂಮಾಲೆ, ಅಂಚುಕಟ್ಟು, ಕೆತ್ತನೆ ಇವುಗಳಲ್ಲಿ ಬಹುಪಾಲು ಗಾರೆಯ ಕೆಲಸವಲ್ಲ; ಬರಿಯ ಬಣ್ಣ. ಬೆಳಕು ಯಾವ ಕಡೆಯಿಂದ ಬೀಳಬಹುದೆಂದು ಲೆಕ್ಕಹಾಕಿ ನೆರಳನ್ನು ಬರೆದಿರುವ ಜಾಣತನ ಅದು. ಇಟಲಿಯವರಿಗೆ ಈ ವಿದ್ಯೆ ಮನೆಯ ಸ್ವತ್ತು.

ಚಿತ್ರಗಳ ಮುಖ್ಯ ವಸು ಸಂತ ಅಲೋಶಿಯಸ್ ಗೊನ್ಜಾಗನ ಜೀವನ. 1568ರಲ್ಲಿ ಹುಟ್ಟಿದ ಈತ ಕಸ್ತಿಲ್ಯೋನೆಯ ಅರಸುಮನೆಯ ಹಿರಿಯ ಮಗ. ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ರೋಗಿಗಳನ್ನು ಹೊತ್ತು ತಂದು ಶುಶ್ರೂಷೆ ಮಾಡಿ, ಅದೇ ರೋಗಕ್ಕೆ ತುತ್ತಾಗಿ 1591ರಲ್ಲಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿ ತೀರಿಕೊಂಡ. ಸೋದರನಿಗಾಗಿ ಸಿಂಹಾಸನ ಬಿಟ್ಟವರ ಕಥೆ ನಮಗೆ ಹೊಸತಲ್ಲ. ಬಾಹುಬಲಿಯ ನಾಡಿನವರಿಗೆ ಆ ಚಿತ್ರದ ಮುಂದೆ ನಿಂತಾಗ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಮಿಕ್ಕ ಕಡೆ ಕ್ರಿಸ್ತನ ಜೀವನ, ಶಿಷ್ಯರು, ಸಂತರು. ಹಿಂದಿನ ಗೋಡೆಯ ಮೇಲೆ ಮಕ್ಕಳ ನಡುವೆ ಕ್ರಿಸ್ತ. ಕಾಲೇಜಿನ ಚಾಪೆಲಿಗೆ ಅದಕ್ಕಿಂತ ಒಪ್ಪುವ ಚಿತ್ರ ಬೇರೆ ಯಾವುದಿದ್ದೀತು?

ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಮೇಲ್ಛಾವಣಿಯವು ಕ್ಯಾನ್ವಾಸಿನ ಮೇಲೆ ತೈಲವರ್ಣದವು. ಈ ಭೇದವನ್ನು ಅರಿತರೆ ಮುಂದಿನ ಕಥೆಯೆಲ್ಲ ಅರ್ಥವಾಗುತ್ತದೆ. ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲಿನ ಚಿತ್ರ. ಸುಣ್ಣ ಮರಳುಗಳ ಗಾರೆಯನ್ನು ಬಳಿದು, ಅದು ಒಣಗುವ ಮೊದಲೇ ಬರಿಯ ನೀರಿನಲ್ಲಿ ಕಲಸಿದ ಬಣ್ಣದ ಪುಡಿಯಿಂದ ಬರೆಯಬೇಕು. ಅಂಟು ಇಲ್ಲ, ಎಣ್ಣೆ ಇಲ್ಲ. ಸುಣ್ಣವು ಒಣಗುತ್ತ ಗಾಳಿಯೊಳಗಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮರಳಿ ಸುಣ್ಣದ ಕಲ್ಲಾಗುತ್ತದೆ. ಬಣ್ಣ ಆ ಕಲ್ಲಿನೊಳಗೆ ಸಿಕ್ಕಿಬೀಳುತ್ತದೆ. ಆದ್ದರಿಂದ ಚಿತ್ರಕಾರ ಬೆಳಗ್ಗೆ ಎಷ್ಟು ಗಾರೆ ಬಳಿಸುತ್ತಾನೋ ಅಷ್ಟನ್ನು ಅಂದೇ ಬರೆದು ಮುಗಿಸಬೇಕು. ಕೈತಪ್ಪಿದರೆ ಒರಸುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಅಜಂತೆಯಲ್ಲಿ ಹೀಗಿಲ್ಲ. ಅಲ್ಲಿಯವರು ಮಣ್ಣಿನ ಗಾರೆಗೆ ಸುಣ್ಣದ ತೆಳು ಲೇಪ ಕೊಟ್ಟು, ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆದರು. ಎರಡಕ್ಕೂ ಹೆಸರು ಭಿತ್ತಿಚಿತ್ರವೇ ಆದರೂ ಕಾಯಿಲೆಗಳು ಬೇರೆ, ಚಿಕಿತ್ಸೆಯೂ ಬೇರೆ.

ಕಾಯಿಲೆ ಎಂದೆ. ಬೆರ್ಗಮೊದಲ್ಲಿ ಹುಟ್ಟಿದ ಈ ಕಲೆಗೆ ಮಂಗಳೂರಿನ ಹವೆ ಒಗ್ಗುವುದು ಸುಲಭವಲ್ಲ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಒಂದು ಹೆಂಚು ಒಡೆದರೆ ಸಾಕು, ನೀರು ಪಕ್ಕಾಸಿನ ಗುಂಟ ಇಳಿದು ಗೋಡೆಯನ್ನು ಸೇರುತ್ತದೆ. ಗೋಡೆಯೊಳಗಿನ ಉಪ್ಪನ್ನು ಕರಗಿಸಿಕೊಂಡು ಅದು ಮೇಲ್ಮೈಗೆ ಬಂದು ಆರಿದಾಗ, ಉಪ್ಪು ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ಎಬ್ಬಿಸಿ ಪುಡಿಮಾಡುತ್ತದೆ. ಆಟಿ ತಿಂಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಊರಲ್ಲಿ ಚಿತ್ರಕ್ಕೆ ಹಿಡಿಯದಿದ್ದೀತೆ? ಕ್ಯಾನ್ವಾಸಿನ ಪಾಡು ಇನ್ನೂ ಕಷ್ಟ. ಮಳೆಗಾಲದಲ್ಲಿ ತೇವ ಹೀರಿ ಸಡಿಲಾಗುತ್ತದೆ, ಬೇಸಗೆಯಲ್ಲಿ ಬಿಗಿಯುತ್ತದೆ. ಈ ಎಳೆದಾಟದಲ್ಲಿ ತೈಲವರ್ಣ ಬಿರುಕು ಬಿಟ್ಟು ಚಕ್ಕೆಯೇಳುತ್ತದೆ.

ಇಂತಹ ಹೊತ್ತಿನಲ್ಲಿ ನಮ್ಮ ನಾಡಿನಲ್ಲಿ ಮೊದಲು ನೆನಪಾಗುವುದು ಜೀರ್ಣೋದ್ಧಾರ. ಆ ಮಾತಿನ ಬಗ್ಗೆ ನನಗೆ ಗೌರವವಿದೆ, ಭಯವೂ ಇದೆ. ತುಳುನಾಡಿನ ದೈವಸ್ಥಾನಗಳ ಮರದ ಉರುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುವುದು ಪದ್ಧತಿ. ಪೂಜೆಗೊಳ್ಳುವ ವಸ್ತು ಹೊಸತಾಗುತ್ತಲೇ ಇರಬೇಕು ಎಂಬ ಭಾವನೆ ಅದರ ಹಿಂದೆ ಇದೆ. ಅದನ್ನು ತಪ್ಪೆನ್ನಲು ನಾನು ಸಿದ್ಧನಿಲ್ಲ. ಆದರೆ ಒಬ್ಬನ ಕೈಬರಹ ಅದೇ ಗೋಡೆಯ ಮೇಲೆ ಉಳಿದಿರುವಾಗ, ಭಕ್ತಿಯಿಂದಲೇ ಆಗಲಿ, ಅದರ ಮೇಲೆ ಎನಾಮೆಲ್ ಬಳಿದರೆ ಉಳಿಯುವುದು ಬಣ್ಣ ಮಾತ್ರ, ಕೈ ಹೋಯಿತು. ಎಷ್ಟೋ ದೇಗುಲಗಳ, ಇಗರ್ಜಿಗಳ ಹಳೆಯ ಚಿತ್ರಗಳು ಹೀಗೆ ಸುಣ್ಣದ ಕೆಳಗೋ ಪೈಂಟಿನ ಕೆಳಗೋ ಸಮಾಧಿಯಾಗಿವೆ. ಮಳೆಗಿಂತ ಉತ್ಸಾಹವೇ ಹೆಚ್ಚು ಚಿತ್ರಗಳನ್ನು ತಿಂದಿದೆಯೋ ಏನೋ.

ತಜ್ಞರ ಕೈಯೂ ಎಡವುದುಂಟು. ಅಜಂತೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1920ರ ಸುಮಾರಿಗೆ ಇಟಲಿಯಿಂದ ಚೆಕ್ಕೋನಿ ಮತ್ತು ಓರ್ಸೀನಿ ಎಂಬ ಇಬ್ಬರನ್ನು ಕರೆಸಲಾಯಿತು. ಉದುರುತ್ತಿದ್ದ ಗಾರೆಯನ್ನು ಅವರು ಭದ್ರಪಡಿಸಿದ್ದು ದೊಡ್ಡ ಉಪಕಾರ. ಆದರೆ ಅಲ್ಲಿ ಬಳಕೆಯಾದ ಅರಗಿನ ವಾರ್ನಿಶು ಕಾಲಕ್ರಮದಲ್ಲಿ ಹಳದಿಗಟ್ಟಿ, ಧೂಳು ಹಿಡಿದು, ಚಿತ್ರಗಳ ಮೇಲೆ ಕಂದು ಮುಸುಕಾಗಿ ಕುಳಿತಿತು. ಅದನ್ನು ತೆಗೆಯುವ ಕೆಲಸಕ್ಕೆ ಪುರಾತತ್ತ್ವ ಇಲಾಖೆಯವರು ದಶಕಗಳನ್ನೇ ಕಳೆಯಬೇಕಾಯಿತು.

ಬಾವುಟಗುಡ್ಡೆಯ ಚಿತ್ರಗಳ ಅದೃಷ್ಟ, ಅವುಗಳಿಗೆ ಪೈಂಟಿನ ಡಬ್ಬಿಗಿಂತ ಮೊದಲು ವೈದ್ಯರು ಸಿಕ್ಕಿದರು. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಕ್ನೋ ಕೇಂದ್ರದ ಸಂರಕ್ಷಕರು ಇಲ್ಲಿ ಕೆಲಸ ಮಾಡಿದರು. ಮೊಸ್ಕೆನಿ ಬರೆಯಲು ತೆಗೆದುಕೊಂಡದ್ದು ಎರಡು ವರ್ಷ. ಉಳಿಸಲು ಹಿಡಿದದ್ದು ಮೂರು. ಓದುಗರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಸಂರಕ್ಷಕನ ಕೆಲಸದ ರೀತಿಯೇ ಹಾಗೆ. ಕುಂಚ ಹಿಡಿಯುವುದು ಅವನ ಕೊನೆಯ ಕೆಲಸ. ಮೊದಲು ನೀರು ಬರುವ ದಾರಿಯನ್ನು ಕಂಡು ಮುಚ್ಚಬೇಕು. ಇಲ್ಲವಾದರೆ ಮಿಕ್ಕದ್ದೆಲ್ಲ ಮರಳಿನ ಮೇಲಿನ ಬರಹ. ಅನಂತರ ಪ್ರತಿಯೊಂದು ಅಂಗುಲದ ದಾಖಲೆ. ಬಳಿಕ ಮರೆಯಾದ ಮೂಲೆಯಲ್ಲಿ ಬೆರಳಗಲದ ಜಾಗವನ್ನು ಶುಚಿಮಾಡಿ, ಯಾವ ದ್ರವ ಕೊಳೆಯನ್ನು ಮಾತ್ರ ತೆಗೆದು ಬಣ್ಣವನ್ನು ಮುಟ್ಟುವುದಿಲ್ಲವೆಂದು ನೋಡಬೇಕು. ಸಡಿಲಾದ ಚಕ್ಕೆಗಳಿಗೆ ಹಿಂದಿನಿಂದ ಅಂಟು ಊಡಿ ಕೂರಿಸಬೇಕು. ಇಷ್ಟಾದ ಮೇಲೆ, ಬಣ್ಣ ಪೂರ್ತಿ ಹೋದ ಕಡೆ ಮಾತ್ರ, ಹೊಸ ಬಣ್ಣ.

ಆ ಹೊಸ ಬಣ್ಣದ ವಿಷಯದಲ್ಲಿಯೇ ಈ ವೃತ್ತಿಯ ನೀತಿ ಅಡಗಿದೆ. ಹಳೆಯದರ ಮೇಲೆ ಒಂದು ಎಳೆಯೂ ಹಾಯಬಾರದು. ಹಚ್ಚಿದ್ದನ್ನು ನಾಳೆ ಬೇಕಾದರೆ ಅಳಿಸುವಂತಿರಬೇಕು. 1939ರಲ್ಲಿ ಸ್ಥಾಪನೆಯಾದ ರೋಮಿನ ಕೇಂದ್ರೀಯ ಸಂರಕ್ಷಣ ಸಂಸ್ಥೆಯಲ್ಲಿ ಚೆಸಾರೆ ಬ್ರಾಂದಿಯವರು ಬೆಳೆಸಿದ ಉಪಾಯ ಇನ್ನೂ ಸೊಗಸು: ಖಾಲಿ ಜಾಗವನ್ನು ನೆಟ್ಟಗಿನ ಸಣ್ಣ ಗೆರೆಗಳಿಂದ ತುಂಬುವುದು. ದೂರದಿಂದ ಚಿತ್ರ ಅಖಂಡವಾಗಿ ಕಾಣುತ್ತದೆ. ಹತ್ತಿರ ಹೋದವನಿಗೆ ಇದು ದುರಸ್ತಿಯೆಂದು ಗೆರೆಗಳೇ ಹೇಳುತ್ತವೆ.

ಇಷ್ಟೆಲ್ಲ ನೀತಿಯಿದ್ದೂ ಜಗಳ ತಪ್ಪಿದ್ದಲ್ಲ. ರೋಮಿನ ಸಿಸ್ಟೈನ್ ಚಾಪೆಲಿನ ಶುಚಿಕಾರ್ಯ 1980ರಲ್ಲಿ ಆರಂಭವಾಗಿ, ಮಂಗಳೂರಿನ ಕೆಲಸ ಮುಗಿದ 1994ರಲ್ಲಿಯೇ ಮುಗಿಯಿತು. ಹೋಲಿಕೆಗೆ ಬೇಕಾದರೆ ಈ ಒಂದು ಸಂಗತಿಯನ್ನು ಇಟ್ಟುಕೊಳ್ಳಬಹುದು! ಶತಮಾನಗಳ ದೀಪದ ಹೊಗೆಯೂ ಹಳೆಯ ಅಂಟೂ ಹೋದಾಗ ಮೈಕೆಲೆಂಜೆಲೊನ ಬಣ್ಣಗಳು ಯಾರೂ ನಂಬದಷ್ಟು ಪ್ರಖರವಾಗಿ ಹೊರಬಂದವು. ಹೊಗೆಯ ಜೊತೆಗೆ, ಗಾರೆ ಒಣಗಿದ ಮೇಲೆ ಅವನೇ ಹಾಕಿದ್ದ ನೆರಳೂ ಹೋಯಿತೆಂದು ಅಮೆರಿಕದ ವಿದ್ವಾಂಸ ಜೇಮ್ಸ್ ಬೆಕ್ ಕಟುವಾಗಿ ಆಕ್ಷೇಪಿಸಿದರು. ನನಗೆ ಅವರ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಅಂತಹ ಆಕ್ಷೇಪಗಾರ ಒಬ್ಬನಾದರೂ ಪ್ರತಿ ಊರಲ್ಲಿಯೂ ಇರಬೇಕು.

ನಮ್ಮಲ್ಲಿ ಅಂತಹವರು ಕಡಿಮೆ. ಬಾದಾಮಿಯ ಮೂರನೆಯ ಗುಹೆಯನ್ನು ನೋಡಿ. ಅದು 578ರಲ್ಲಿ ಮಂಗಳೇಶ ಮಾಡಿಸಿ ಮುಗಿಸಿದ ಗುಹೆ. ಅದರ ಚಿತ್ರಗಳು ನಾಡಿನ ಅತಿ ಹಳೆಯ ಭಿತ್ತಿಚಿತ್ರಗಳಲ್ಲಿ ಸೇರಿದವು. ಈಗ ಅಲ್ಲಿ ಕಣ್ಣು ಕಿರಿದುಮಾಡಿ ಹುಡುಕಿದರೆ ಒಂದು ಮುಖ, ಒಂದು ತೋಳು. ಮಂಗಳೂರಿಗೆ ಹತ್ತಿರದ ಮೂಡುಬಿದಿರೆಯ ಜೈನಬಸದಿಯಲ್ಲಿ ಹನ್ನೆರಡನೆಯ ಶತಮಾನದ ಧವಲಾ ಗ್ರಂಥಗಳ ತಾಳೆಗರಿಗಳ ಮೇಲಿನ ಚಿತ್ರಗಳು ಮಾತ್ರ ಇಂದಿಗೂ ಉಳಿದುಬಂದಿವೆ. ಅವುಗಳನ್ನು ಉಳಿಸಿದ್ದು ಬೀಗ ಹಾಕಿ ಕಾಯ್ದ ಶ್ರದ್ಧೆ. ಆದರೆ ಗೋಡೆಗೆ ಬೀಗ ಹಾಕುವಂತಿಲ್ಲ.

ಮೊಸ್ಕೆನಿಯ ಕುಂಚ ಜೆಪ್ಪುವಿನ ಸೆಮಿನರಿಯಲ್ಲಿಯೂ ಆಡಿದೆ. ಕೊನೆಗೆ ಅವನು ಕೊಚ್ಚಿಗೆ ಹೋದ. ಅಲ್ಲಿಯ ಸಾಂತಾಕ್ರೂಜ್ ಇಗರ್ಜಿಯ ಒಳಗನ್ನು ಅಲಂಕರಿಸುವ ಕೆಲಸ. 1905ರ ನವೆಂಬರಿನಲ್ಲಿ ಇಗರ್ಜಿಯ ಪ್ರತಿಷ್ಠೆಗೆ ಕೆಲವೇ ದಿನಗಳಿವೆ ಎನ್ನುವಾಗ, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಅಲ್ಲಿಯ ಬಲಿಪೀಠದ ಕೆಲಸದಲ್ಲಿ ಅವನ ಜೊತೆಗೆ ಇದ್ದ ಶಿಷ್ಯನ ಹೆಸರು ಡಿ ಗಾಮ, ಊರು ಮಂಗಳೂರು.