ಒಂದು ವರ್ಧಕ, ಹಲವು ಸ್ಪೀಕರುಗಳು: ಜೋಡಣೆಯ ತತ್ತ್ವದ ಇತಿಹಾಸ

ಬಹಿರಂಗ ಸಭೆಗಳ ಇತಿಹಾಸವನ್ನು ಬರೆಯುವವರು ಭಾಷಣಕಾರನನ್ನೂ ಶ್ರೋತೃಸಮುದಾಯವನ್ನೂ ಗಮನಿಸುವುದುಂಟು. ಅವರ ನಡುವೆ ಹರಿದ ತಂತಿಯನ್ನು ಗಮನಿಸುವುದು ವಿರಳ. ಆಡುಮಾತಿನಲ್ಲಿ ಈ ಸಲಕರಣೆಯೆಲ್ಲವೂ ಸೇರಿ ‘ಮೈಕ್ ಸೆಟ್’ ಆಗಿದೆ. ಗ್ರಂಥಭಾಷೆಯ ‘ಧ್ವನಿವರ್ಧಕ’ ಎಂಬ ಶಬ್ದವೂ ವರ್ಧಿಸುವ ಯಂತ್ರಕ್ಕೂ ನುಡಿಯುವ ಯಂತ್ರಕ್ಕೂ ಸಮಾನವಾಗಿ ಸಲ್ಲುತ್ತಿದೆ. ಇಲ್ಲಿ ನಾವು ಮೊದಲನೆಯದನ್ನು ವರ್ಧಕವೆಂದೂ ಎರಡನೆಯದನ್ನು ಸ್ಪೀಕರೆಂದೂ ಕರೆದು, ಒಂದೇ ವರ್ಧಕಕ್ಕೆ ಹಲವು ಸ್ಪೀಕರುಗಳನ್ನು ಅಪಾಯವಿಲ್ಲದೆ ಜೋಡಿಸುವ ಕ್ರಮ ಹೇಗೆ ರೂಪುಗೊಂಡಿತೆಂಬುದನ್ನು ಪರಿಶೀಲಿಸುತ್ತೇವೆ.

ಈ ಸಮಸ್ಯೆ ಸ್ಪೀಕರಿಗಿಂತ ಹಳೆಯದು. ಜಾರ್ಜ್ ಓಮ್ 1827ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದನು. ಮುಂದೆ ಬೀದಿಯ ಆರ್ಕ್ ದೀಪಗಳನ್ನು ಸರಣಿಯಲ್ಲಿ ಜೋಡಿಸುವುದು ರೂಢಿಯಾಯಿತು. ಸರಣಿಯಲ್ಲಿ ಒಂದೆಡೆ ಕಡಿದರೆ ಇಡೀ ಮಂಡಲವೇ ನಿಲ್ಲುತ್ತದೆ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಎಡಿಸನ್ ದೀಪಗಳಿಗೆ ಸಮಾಂತರ ಜೋಡಣೆಯಲ್ಲಿ ವಿದ್ಯುತ್ತನ್ನು ಒದಗಿಸಿದನು. ಆಗ ಒಂದು ದೀಪ ಆರಿದರೂ ಉಳಿದವು ಉರಿಯುತ್ತಿದ್ದುವು. ಆದರೆ ದೀಪಗಳು ಹೆಚ್ಚಿದಂತೆ ಒಟ್ಟು ರೋಧ ಇಳಿದು, ಮೂಲದಿಂದ ಹರಿಯುವ ಪ್ರವಾಹ ಏರುತ್ತದೆ. ಈ ಇಬ್ಬಂದಿಯನ್ನೇ ಸ್ಪೀಕರುಗಳು ಮುಂದೆ ಆನುವಂಶಿಕವಾಗಿ ಪಡೆದುವು.

ಅಮೆರಿಕದಲ್ಲಿ ಪ್ರಿಡಂ ಮತ್ತು ಜೆನ್ಸನ್ ಎಂಬವರು 1915ರಲ್ಲಿ ಮ್ಯಾಗ್ನವಾಕ್ಸ್ ಸ್ಪೀಕರನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. 1919ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಅಧ್ಯಕ್ಷ ವಿಲ್ಸನ್ ಅದರ ಮೂಲಕ ಸಹಸ್ರಾರು ಜನರನ್ನುದ್ದೇಶಿಸಿ ಮಾತನಾಡಿದನು. 1921ರ ನವೆಂಬರ್ 11ರಂದು ಆರ್ಲಿಂಗ್ಟನ್ನಿನ ಸಮಾರಂಭ ದೂರವಾಣಿ ತಂತಿಗಳ ಮೂಲಕ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊಗಳ ಸಭೆಗಳಿಗೂ ಕೇಳಿಸಿತು. 1925ರಲ್ಲಿ ರೈಸ್ ಮತ್ತು ಕೆಲಾಗ್ ಚಲಿಸುವ ಸುರುಳಿಯ ಸ್ಪೀಕರನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಇಂದಿನ ಬಹುಪಾಲು ಸ್ಪೀಕರುಗಳು ಆ ಪೀಳಿಗೆಯವೇ. ಉಪಕರಣ ಸಿದ್ಧವಾಯಿತು, ಉಳಿದುದು ಹಂಚಿಕೆಯ ಪ್ರಶ್ನೆ.

ಪರ್ಯಾಯ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎಂದು ಹೆಸರು. 8 ಓಮಿನ ಎರಡು ಸ್ಪೀಕರುಗಳು ಸಮಾಂತರದಲ್ಲಿ 4 ಓಮ್ ಆಗುತ್ತವೆ. ನಾಲ್ಕಾದರೆ 2 ಓಮ್. ಎರಡೆರಡನ್ನು ಸರಣಿಯಲ್ಲಿ ಕಟ್ಟಿ, ಆ ಎರಡು ಜೋಡಿಗಳನ್ನು ಸಮಾಂತರದಲ್ಲಿ ಇಟ್ಟರೆ ನಾಲ್ಕು ಸೇರಿಯೂ ಮತ್ತೆ 8 ಓಮೇ. ಯಂತ್ರದ ಪೀಳಿಗೆಗೆ ತಕ್ಕಂತೆ ಅಪಾಯದ ಸ್ವರೂಪವೂ ಬದಲಾದುದು ಗಮನಾರ್ಹ. ಕವಾಟಗಳ ವರ್ಧಕವನ್ನು ಸ್ಪೀಕರಿಲ್ಲದೆ ಪೂರ್ಣಶಕ್ತಿಯಲ್ಲಿ ನಡೆಸಿದರೆ ಅದರ ಪರಿವರ್ತಕದಲ್ಲಿ ವಿಪರೀತ ವೋಲ್ಟೇಜ್ ಎದ್ದು ಅವಾಹಕ ಪದರ ಭೇದಿಸಬಹುದು. ಟ್ರಾನ್ಸಿಸ್ಟರ್ ವರ್ಧಕಕ್ಕೆ ಸಾಮಾನ್ಯವಾಗಿ ಸ್ಪೀಕರಿಲ್ಲದಿರುವುದು ಭಯವಲ್ಲ. ನಿಗದಿಗಿಂತ ಕಡಿಮೆ ಓಮ್ ಆದಾಗ ಮಿತಿಮೀರಿದ ಪ್ರವಾಹ ಹರಿದು ಅದು ಸುಡುತ್ತದೆ. ಹಿಂದಿನವರ ಎಚ್ಚರಿಕೆಯನ್ನು ಕಾರಣವರಿಯದೆ ಅನುಸರಿಸಿದರೆ ಸಾಲದೆಂಬುದು ಇದರಿಂದ ಸ್ಪಷ್ಟ.

ದೂರವೂ ಒಂದು ಶತ್ರು. 100 ವಾಟನ್ನು 8 ಓಮಿಗೆ ಕೊಡಲು ಸುಮಾರು 3.5 ಆಂಪಿಯರ್ ಬೇಕು. ಹೋಗಿಬರುವ ತಂತಿಯ ರೋಧ 2 ಓಮ್ ಇದ್ದರೆ, ವರ್ಧಕ ಕೊಡುವ ಶಕ್ತಿಯ ಐದನೆಯ ಒಂದು ಭಾಗ ತಂತಿಯಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ವಿದ್ಯುತ್ ಸರಬರಾಜಿನವರು ಇದಕ್ಕೆ ಮೊದಲೇ ಪರಿಹಾರ ಕಂಡಿದ್ದರು: 1886ರಲ್ಲಿ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಪರಿವರ್ತಕಗಳಿಂದ ವೋಲ್ಟೇಜನ್ನು ಏರಿಸಿ ಕಳುಹಿಸಿ, ಬಳಸುವೆಡೆ ಇಳಿಸಿ ತೋರಿಸಿದ್ದನು. ಧ್ವನಿಯ ಹಂಚಿಕೆಗೂ ಇದೇ ತತ್ತ್ವ ಬಂದಿತು. ನಮ್ಮಲ್ಲಿಯೂ ಯುರೋಪಿನಲ್ಲಿಯೂ 100 ವೋಲ್ಟ್, ಅಮೆರಿಕದಲ್ಲಿ 70.7 ವೋಲ್ಟ್ ರೂಢಿಯಾದುವು. 100 ವೋಲ್ಟಿನಲ್ಲಿ 100 ವಾಟಿಗೆ 1 ಆಂಪಿಯರ್ ಸಾಕು. ಅದೇ ತಂತಿಯಲ್ಲಿ ನಷ್ಟ ಶೇಕಡಾ 2ರಷ್ಟೇ. ಪ್ರತಿ ಸ್ಪೀಕರಿನ ಬಳಿಯೂ ಪುಟ್ಟ ಪರಿವರ್ತಕವಿರುವುದರಿಂದ ಲೆಕ್ಕವೂ ಸುಲಭವಾಯಿತು: ಎಲ್ಲ ಸ್ಪೀಕರುಗಳ ವಾಟುಗಳನ್ನು ಕೂಡಿಸಿದರೆ ಬರುವ ಮೊತ್ತ ವರ್ಧಕದ ಶಕ್ತಿಯನ್ನು ಮೀರಬಾರದು. 100 ವಾಟಿನ ವರ್ಧಕಕ್ಕೆ 10 ವಾಟಿನ ಎಂಟನ್ನು ಜೋಡಿಸಿ ಸ್ವಲ್ಪ ಉಳಿಸಿಕೊಳ್ಳುವುದು ವಿವೇಕ. ಪರಿವರ್ತಕವಿಲ್ಲದ 8 ಓಮಿನ ಒಂದೇ ಸ್ಪೀಕರನ್ನು ಈ ತಂತಿಗೆ ನೇರವಾಗಿ ತಗುಲಿಸಿದರೆ ಅದು 1250 ವಾಟನ್ನು ಬೇಡುತ್ತದೆ. ವರ್ಧಕಕ್ಕೂ ಸ್ಪೀಕರಿಗೂ ಉಳಿಗಾಲವಿಲ್ಲ. ಈ ತಂತಿ ಮನುಷ್ಯನಿಗೂ ಆಘಾತ ನೀಡಬಲ್ಲುದು. ವರ್ಧಕವನ್ನು ನಿಲ್ಲಿಸಿಯೇ ಅದನ್ನು ಮುಟ್ಟಬೇಕು.

ನಮ್ಮ ರಾಷ್ಟ್ರೀಯ ಚಳವಳಿಯ ಹಲವು ಛಾಯಾಚಿತ್ರಗಳಲ್ಲಿ ನಾಯಕರ ಮುಂದಿನ ಮೈಕಿನ ಮೇಲೆ ‘ಷಿಕಾಗೊ ರೇಡಿಯೊ’ ಎಂಬ ಫಲಕ ಕಾಣುತ್ತದೆ. ಹೆಸರು ಪರದೇಶದ್ದಾದರೂ ಅದು ಮೋಟ್ವಾನಿ ಕುಟುಂಬದ ಭಾರತೀಯ ಸಂಸ್ಥೆ. ಆ ಚಿತ್ರಗಳಲ್ಲಿ ಫಲಕವಿದೆ, ತಂತಿ ಕಾಣದು. ಆದರೆ ವೇದಿಕೆಯ ಬಳಿ ಒಂದೇ ದೊಡ್ಡ ಕೊಳವೆಯನ್ನಿಟ್ಟರೆ ಮುಂದಿನವರಿಗೆ ಕಿವಿ ಗಡಚಿಕ್ಕುತ್ತದೆ, ಹಿಂದಿನವರಿಗೆ ಮಾತು ತಿಳಿಯದು. ಹಲವು ಸ್ಪೀಕರುಗಳನ್ನು ಅಲ್ಲಲ್ಲಿ ಇರಿಸಿದಾಗ ಮಾತ್ರ ಅಂಚಿನಲ್ಲಿ ನಿಂತವನೂ ಸಭಿಕನಾಗುತ್ತಾನೆ. ಆ ಸಮಾನತೆಗೆ ಭಾಷಣಕಾರನ ಕಂಠವಷ್ಟೇ ಆಧಾರವಲ್ಲ. ತಂತಿಯನ್ನೆಳೆಯುವ ಮುನ್ನ ಯಾರೋ ಓಮುಗಳನ್ನೂ ವಾಟುಗಳನ್ನೂ ಸರಿಯಾಗಿ ಕೂಡಿಸಿದ್ದುದೂ ಆಧಾರ. ಸಭೆಯ ಇತಿಹಾಸದಲ್ಲಿ ಈ ಲೆಕ್ಕಕ್ಕೂ ಒಂದು ಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.