ನೆಟ್‌ವರ್ಕ್ ಸ್ವಿಚ್‌ಗೆ ದೂರದ ಲಾಗಿನ್

ಸ್ವಿಚ್ ಇರುವಲ್ಲಿಗೆ ಹೋಗದೆ, ನೆಟ್‌ವರ್ಕ್ ಮೂಲಕವೇ ಅದರೊಳಗೆ ಲಾಗಿನ್ ಆಗಿ ಸ್ಥಿತಿ ನೋಡಲು, ಕಾನ್ಫಿಗರೇಶನ್ ಬದಲಿಸಲು ಮಾಡಿಕೊಳ್ಳುವ ಏರ್ಪಾಡು. ಇದಕ್ಕೆ ಮ್ಯಾನೇಜ್ಡ್ ಸ್ವಿಚ್ ಬೇಕು. ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ. ಇಲ್ಲಿಯ ಕಮಾಂಡ್‌ಗಳು ಸಿಸ್ಕೊ ಐಒಎಸ್‌ನವು. ಬೇರೆ ತಯಾರಕರಲ್ಲಿ ಪದಗಳು ಬದಲಾದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಅಗತ್ಯ

ಉದಾಹರಣೆಗೆ, ಆಂಧ್ರಪ್ರದೇಶದ ಆದವಾನಿಗೆ (ಆದೋನಿ) ಅದರ ಜಿಲ್ಲಾ ಕೇಂದ್ರ ಕರ್ನೂಲು ಸುಮಾರು 100 ಕಿ.ಮೀ. ದೂರ. ಈ ಭಾಗದಲ್ಲಿ ಫೈಬರ್ ಎರಡು ದಾರಿ ಹಿಡಿದಿದೆ. ಮಂತ್ರಾಲಯಂ ರೋಡ್, ಕೋಸಿಗಿ, ಆದವಾನಿ ಮೂಲಕ ಹಾಯುವ ರಾಯಚೂರು–ಗುಂತಕಲ್ ರೈಲು ಮಾರ್ಗ ಒಂದು; ಹಳಿಗಳ ಬದಿಯಲ್ಲಿ ಫೈಬರ್ ಹಾಕುವ ರೈಲ್‌ಟೆಲ್ ಸಂಸ್ಥೆ 2000ದಲ್ಲಿ ಸ್ಥಾಪನೆಯಾಯಿತು. ಇನ್ನೊಂದು, ವಿದ್ಯುತ್ ಕಂಬಗಳ ಮೇಲೆ ಎಳೆದ ಆಂಧ್ರಪ್ರದೇಶ ಫೈಬರ್‌ನೆಟ್. ಇದನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ 2017ರ ಡಿಸೆಂಬರ್ 27ರಂದು ಉದ್ಘಾಟಿಸಿದರು. ಜಿಲ್ಲೆಯ ಪಶ್ಚಿಮದ ಮಂಡಲಗಳ ಕಚೇರಿ, ಬ್ಯಾಂಕು, ಜಿನ್ನಿಂಗ್ ಮಿಲ್ಲುಗಳಲ್ಲಿ ಸ್ವಿಚ್ ಒಂದೂರಲ್ಲಿ, ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಇನ್ನೊಂದೂರಲ್ಲಿ ಇರುವುದು ಅಪರೂಪವಲ್ಲ. ಒಂದು ಪೋರ್ಟ್ ತೆರೆಯಲು ಬಸ್ಸು ಹತ್ತಬೇಕಾದ ಸ್ಥಿತಿಯನ್ನು ದೂರದ ಲಾಗಿನ್ ತಪ್ಪಿಸುತ್ತದೆ.

ಟೆಲ್ನೆಟ್‌ನಿಂದ ಎಸ್‌ಎಸ್‌ಎಚ್‌ಗೆ

ದೂರದ ಲಾಗಿನ್‌ನ ಹಳೆಯ ವಿಧಾನವಾದ ಟೆಲ್ನೆಟ್ 1969ರಲ್ಲಿ ಅಮೆರಿಕದ ಅರ್ಪಾನೆಟ್‌ನಲ್ಲಿ ರೂಪುಗೊಂಡು, 1983ರ ಆರ್‌ಎಫ್‌ಸಿ 854 ಎಂಬ ಮಾನಕ ದಾಖಲೆಯಲ್ಲಿ ಖಚಿತ ರೂಪ ಪಡೆಯಿತು. ಇದರ ಪೋರ್ಟ್ ಸಂಖ್ಯೆ 23. ಪಾಸ್‌ವರ್ಡ್ ಸೇರಿದಂತೆ ಎಲ್ಲವೂ ಸಾದಾ ಅಕ್ಷರಗಳಲ್ಲೇ ಸಾಗುವುದರಿಂದ ದಾರಿಯಲ್ಲಿ ಕದ್ದು ಓದುವುದು ಸುಲಭ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಹೀಗೆ ಪಾಸ್‌ವರ್ಡ್ ಕಳವಾದ ಮೇಲೆ, ಅಲ್ಲಿಯ ತಾತು ಯ್ಲೋನೆನ್ 1995ರಲ್ಲಿ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದರು. ಅದರ ಪೋರ್ಟ್ 22. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದ ಓಪನ್‌ಎಸ್‌ಎಸ್‌ಎಚ್ ಬಂದಿತು. ಎಸ್‌ಎಸ್‌ಎಚ್‌ನ ಮೊದಲ ಆವೃತ್ತಿಯ ದೌರ್ಬಲ್ಯಗಳನ್ನು ಸರಿಪಡಿಸಿದ ಎರಡನೆಯ ಆವೃತ್ತಿ 2006ರಲ್ಲಿ ಮಾನಕವಾಯಿತು. ಸ್ವಿಚ್ ತನ್ನ ಆವೃತ್ತಿಯನ್ನು 1.99 ಎಂದು ತೋರಿಸಿದರೆ ಎರಡನ್ನೂ ಒಪ್ಪುತ್ತಿದೆ ಎಂದರ್ಥ. ‘ಐಪಿ ಎಸ್‌ಎಸ್‌ಎಚ್ ವರ್ಷನ್ 2’ ಎಂದು ಕೊಟ್ಟು ಹಳೆಯದನ್ನು ನಿಲ್ಲಿಸಬೇಕು.

ಕನ್ಸೋಲ್, ವಿಳಾಸ, ಗೇಟ್‌ವೇ

ಹೊಸ ಸ್ವಿಚ್‌ಗೆ ವಿಳಾಸವಿಲ್ಲದ ಕಾರಣ ಮೊದಲ ಕೆಲಸ ಅದರ ಎದುರೇ ಆಗಬೇಕು. ಚಪ್ಪಟೆಯಾದ ತಿಳಿನೀಲಿ ಕನ್ಸೋಲ್ ಕೇಬಲ್‌ನ ಒಂದು ತುದಿ ಸ್ವಿಚ್‌ಗೆ, ಇನ್ನೊಂದು ಲ್ಯಾಪ್‌ಟಾಪ್‌ಗೆ. ವೇಗ 9600 ಬಾಡ್. ಭೌತಿಕ ಪೋರ್ಟ್‌ಗೆ ವಿಳಾಸ ಕೊಡುವುದಿಲ್ಲ, ವಿಎಲ್‌ಎಎನ್ (ಸ್ವಿಚ್‌ನೊಳಗಿನ ತಾರ್ಕಿಕ ಜಾಲ) ಇಂಟರ್‌ಫೇಸ್‌ಗೆ ಕೊಟ್ಟು ‘ನೋ ಶಟ್‌ಡೌನ್’ ಮಾಡಬೇಕು. ಆಮೇಲೆ ‘ಐಪಿ ಡೀಫಾಲ್ಟ್-ಗೇಟ್‌ವೇ’. ಇದನ್ನು ಮರೆತರೆ ಆದವಾನಿಯ ಅದೇ ಕಚೇರಿಯಿಂದ ಪಿಂಗ್ ಸರಿಯಾಗಿ ಬರುತ್ತದೆ, ಕರ್ನೂಲಿನಿಂದ ಬರುವುದಿಲ್ಲ: ಹೊರಗಿನ ಪ್ಯಾಕೆಟ್ ಸ್ವಿಚ್ ತಲುಪಿದರೂ ಉತ್ತರಕ್ಕೆ ದಾರಿ ಇರುವುದಿಲ್ಲ.

ಕೀಲಿ ಮತ್ತು ಬಳಕೆದಾರ

ಎಸ್‌ಎಸ್‌ಎಚ್‌ಗೆ ಆರ್‌ಎಸ್‌ಎ ಕೀಲಿ ಬೇಕು. ಕೀಲಿಯ ಹೆಸರು ಸ್ವಿಚ್‌ನ ಹೆಸರು ಮತ್ತು ಡೊಮೇನ್ ಸೇರಿ ಆಗುವುದರಿಂದ ‘ಹೋಸ್ಟ್‌ನೇಮ್’, ‘ಐಪಿ ಡೊಮೇನ್-ನೇಮ್’ ಮೊದಲು ಬರುತ್ತವೆ. ಕಾರ್ಖಾನೆಯ ಹೆಸರನ್ನೇ ಉಳಿಸಿಕೊಂಡರೆ ಕೀಲಿ ಹುಟ್ಟುವುದಿಲ್ಲ. ಎರಡನೆಯ ಆವೃತ್ತಿಗೆ ಕನಿಷ್ಠ 768 ಬಿಟ್ ಬೇಕು. 2048 ಬಿಟ್ ಇಡುವುದು ವಾಡಿಕೆ. ಗೂಢಲಿಪಿ ಸೌಲಭ್ಯವಿಲ್ಲದ ಹಳೆಯ ಸಾಫ್ಟ್‌ವೇರ್‌ನಲ್ಲಿ ‘ಕ್ರಿಪ್ಟೊ’ ಕಮಾಂಡೇ ಕಾಣುವುದಿಲ್ಲ. ಸೌಲಭ್ಯವಿರುವ ಫೈಲ್‌ಗಳ ಹೆಸರಿನಲ್ಲಿ ಸಾಮಾನ್ಯವಾಗಿ ‘ಕೆ9’ ಇರುತ್ತದೆ. ಬಳಕೆದಾರನ ಖಾತೆಗೆ ‘ಪಾಸ್‌ವರ್ಡ್’ ಬದಲು ‘ಸೀಕ್ರೆಟ್’ ಬಳಸಿದರೆ ಗುಪ್ತಪದ ಹ್ಯಾಶ್ ಆಗಿ ಉಳಿಯುತ್ತದೆ.

ವಿಟಿವೈ ಸಾಲುಗಳು

ಹೊರಗಿನಿಂದ ಬರುವ ಪ್ರತಿ ಲಾಗಿನ್ ಒಂದು ವಿಟಿವೈ ಸಾಲನ್ನು ಹಿಡಿಯುತ್ತದೆ. ಬಹುತೇಕ ಸ್ವಿಚ್‌ಗಳಲ್ಲಿ 0ಯಿಂದ 15ರವರೆಗೆ ಹದಿನಾರು ಸಾಲುಗಳಿದ್ದು, ಕಾನ್ಫಿಗರೇಶನ್‌ನಲ್ಲಿ 0–4, 5–15 ಎಂದು ಎರಡು ಗುಂಪಾಗಿ ಕಾಣುತ್ತವೆ. ಸ್ವಿಚ್‌ನಲ್ಲಿರುವ ಖಾತೆಯನ್ನು ಕೇಳುವ ‘ಲಾಗಿನ್ ಲೋಕಲ್’, ಎಸ್‌ಎಸ್‌ಎಚ್ ಮಾತ್ರ ಒಪ್ಪುವ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಎರಡನ್ನೂ ಮೊದಲ ಗುಂಪಿಗೆ ಮಾತ್ರ ಹಾಕಿ ಬಿಡುವುದು ಸಾಮಾನ್ಯ ಲೋಪ. ಉಳಿದ ಹನ್ನೊಂದು ಸಾಲುಗಳಲ್ಲಿ ಟೆಲ್ನೆಟ್ ತೆರೆದೇ ಉಳಿಯಬಹುದು. ‘ಆಕ್ಸೆಸ್-ಕ್ಲಾಸ್’ ಮೂಲಕ ಗೊತ್ತಾದ ವಿಳಾಸಗಳಿಂದಷ್ಟೇ ಪ್ರವೇಶ ಕೊಡುವುದು ಮೇಲು.

ದೂರದಿಂದ ಬದಲಿಸುವಾಗ

ವಿಳಾಸವನ್ನೋ ಪ್ರವೇಶ ಪಟ್ಟಿಯನ್ನೋ ದೂರದಿಂದ ತಿದ್ದುವಾಗ ಒಂದು ಸಾಲು ತಪ್ಪಿದರೆ ತಿದ್ದುವವರೇ ಹೊರಗುಳಿಯುತ್ತಾರೆ. ಇದಕ್ಕೆ ರೂಢಿಯ ಉಪಾಯ: ಈಗಿನ ಕಾನ್ಫಿಗರೇಶನ್ ಉಳಿಸಿ, ‘ರೀಲೋಡ್ ಇನ್ 10’ ಕೊಟ್ಟು, ಆಮೇಲೆ ತಿದ್ದುವುದು. ಸಂಪರ್ಕ ಕಡಿದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಮರುಪ್ರಾರಂಭವಾಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಮರುಪ್ರಾರಂಭ ಮುಗಿಯುವವರೆಗೆ ಎಲ್ಲ ಬಳಕೆದಾರರ ಸಂಪರ್ಕವೂ ನಿಲ್ಲುತ್ತದೆಂಬುದು ಇದರ ಬೆಲೆ. ಜೂನಿಪರ್ ಉಪಕರಣಗಳ ‘ಕಮಿಟ್ ಕನ್ಫರ್ಮ್ಡ್’ ಮರುಪ್ರಾರಂಭವಿಲ್ಲದೆ ಇದೇ ರಕ್ಷಣೆ ಕೊಡುತ್ತದೆ. ಹಳೆಯ ಲಾಗಿನ್ ಮುಚ್ಚದೆ ಇನ್ನೊಂದು ಕಿಟಕಿಯಿಂದ ಹೊಸ ಲಾಗಿನ್ ಪರೀಕ್ಷಿಸಿ, ಟೆಲ್ನೆಟ್ ನಿರಾಕರಣೆಯಾಗುತ್ತದೆಯೇ ನೋಡಿ, ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಮತ್ತು ‘ರೈಟ್ ಮೆಮೊರಿ’ ಕೊಡಬೇಕು. ಈ ಕೊನೆಯದು ಬಿಟ್ಟುಹೋದರೆ ಮುಂದಿನ ಕರೆಂಟ್ ಕಡಿತದಲ್ಲಿ ಬದಲಾವಣೆಯೆಲ್ಲ ಅಳಿಯುತ್ತದೆ.