ಲಂಗರು ಇರಿಸುವಿಕೆ ಮತ್ತು ನಿರ್ವಹಣೆ (ಸಣ್ಣ ಹಾಯಿದೋಣಿಗಳಲ್ಲಿ)

ಪ್ರಯಾಣದ ವೇಳೆ ಲಂಗರನ್ನು ಅಲುಗದಂತೆ ಇರಿಸಿಕೊಂಡು, ಬೇಕಾದಾಗ ತಡವಿಲ್ಲದೆ ಇಳಿಸಿ, ಮತ್ತೆ ಎತ್ತಿಕೊಳ್ಳಲು ಹಾಯಿದೋಣಿಯಲ್ಲಿ ಮಾಡಿಕೊಂಡ ಏರ್ಪಾಡು. ಲಂಗರಿನ ಇತಿಹಾಸಗಳು ಹೆಚ್ಚಾಗಿ ಅದು ತಳವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡಿವೆ. ಒಬ್ಬಿಬ್ಬರೇ ನಡೆಸುವ ಹತ್ತು ಮೀಟರಿನ ಆಸುಪಾಸಿನ ದೋಣಿಗೆ ಈ ಅಳತೆ ಸಾಲದು. ಇಡುವ ಜಾಗ ಮತ್ತು ಎತ್ತುವ ಕೈಗಳ ಬಲವೂ ಲಂಗರಿನ ರೂಪವನ್ನು ತಿದ್ದಿವೆ.

ಕಲ್ಲಿನ ಲಂಗರುಗಳ ಕಾಲದಲ್ಲಿ ಈ ತೊಡಕು ಅಷ್ಟಿರಲಿಲ್ಲ. ದ್ವಾರಕೆಯ ಕಡಲಲ್ಲಿ ದೊರೆತಂಥ ತೂತು ಕೊರೆದ ಕಲ್ಲನ್ನು ಎಲ್ಲಾದರೂ ಮಲಗಿಸಿಡಬಹುದಿತ್ತು. ದಂಡಕ್ಕೆ ಅಡ್ಡಪಟ್ಟಿಯೂ ಅದಕ್ಕೆ ಲಂಬವಾಗಿ ಎರಡು ಬಾಹುಗಳೂ ಇರುವ ಕಬ್ಬಿಣದ ಲಂಗರು ಬಂದಾಗ ಫಜೀತಿ ಮೊದಲಾಯಿತು. ಅದನ್ನು ಹೇಗೆ ಇಟ್ಟರೂ ಒಂದು ಮೊನೆ ಮೇಲೆ ನಿಲ್ಲುತ್ತದೆ, ಹಾಯಿಯ ಹಗ್ಗಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಹಡಗುಗಳಲ್ಲಿ ಮುಂಬದಿಯಿಂದ ಹೊರಚಾಚಿದ ತೊಲೆಗೆ ತೂಗುಹಾಕಿ, ಆಮೇಲೆ ಬಾಹುವನ್ನು ಎಳೆದು ಪಕ್ಕಕ್ಕೆ ಕಟ್ಟುತ್ತಿದ್ದರು. ಸಣ್ಣ ದೋಣಿಯವರು ಗೂಟ ಕಿತ್ತು ಅಡ್ಡಪಟ್ಟಿಯನ್ನು ದಂಡದ ಪಕ್ಕಕ್ಕೆ ಸರಿಸಿ ಅಟ್ಟದ (ಡೆಕ್) ಮೇಲೆ ಬಿಗಿಯುತ್ತಿದ್ದರು. ಅಮೆರಿಕದ ದೋಣಿ ವಿನ್ಯಾಸಕ ನಥಾನಿಯಲ್ ಹೆರೆಶಾಫ್ ಇಡೀ ಲಂಗರನ್ನೇ ಮೂರು ಭಾಗಗಳಾಗಿ ಬಿಚ್ಚಿ ಒಳಗಿಡುವಂತೆ ರೂಪಿಸಿದರು. ಜಾಗವೇನೋ ಉಳಿಯಿತು, ಗಾಳಿ ತಿರುಗಿ ದಡ ಹತ್ತಿರವಾದಾಗ ಜೋಡಿಸುತ್ತ ಕೂರುವ ಪಾಡು ಮಾತ್ರ ಉಳಿದೇ ಇತ್ತು. ಎತ್ತುವ ತೊಡಕೂ ಇತ್ತು: 1895ರಿಂದ 1898ರವರೆಗೆ ಒಬ್ಬರೇ ಭೂಪ್ರದಕ್ಷಿಣೆ ಮಾಡಿದ ಜಾಶುವಾ ಸ್ಲೋಕಂ ‘ಸ್ಪ್ರೇ’ ದೋಣಿಯಲ್ಲಿ 40, 100 ಮತ್ತು 180 ಪೌಂಡ್ ತೂಕದ ಮೂರು ಲಂಗರುಗಳನ್ನು ಒಯ್ದಿದ್ದರು. ಎತ್ತಲು ಒಂದು ವಿಂಡ್‌ಲಾಸ್ (ಸರಪಳಿಯನ್ನು ಎಳೆದುಕೊಳ್ಳುವ ಸುತ್ತುಯಂತ್ರ) ಇತ್ತು.

ಇಡುವ ತೊಡಕಿಗೆ ದೊಡ್ಡ ಹಡಗುಗಳು ಕಂಡುಕೊಂಡ ಪರಿಹಾರ ಅಡ್ಡಪಟ್ಟಿಯಿಲ್ಲದ ಲಂಗರು. ಅದರ ಕಾಲನಿರ್ಣಯದಲ್ಲಿ ಗೊಂದಲಕ್ಕೆ ಎಡೆಯಿದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1821ರಲ್ಲಿ. ಬಳಕೆ ವ್ಯಾಪಕವಾದದ್ದು ಬಹಳ ತಡವಾಗಿ. ಹಡಗಿನ ಪಕ್ಕದ ಕೊಳವೆಯೊಳಕ್ಕೆ ದಂಡವನ್ನು ಎಳೆದುಕೊಂಡರೆ ಇಡುವ ಕೆಲಸ ಮುಗಿಯಿತು. ಆದರೆ ಈ ಬಗೆಯ ಲಂಗರು ತನ್ನ ತೂಕಕ್ಕೆ ಹೋಲಿಸಿದರೆ ಕೊಡುವ ಹಿಡಿತ ಕಡಿಮೆ. ಹೀಗಾಗಿ ದೊಡ್ಡ ಹಡಗಿಗೆ ದೊರೆತ ಪರಿಹಾರ ಸಣ್ಣ ದೋಣಿಗೆ ಒಗ್ಗಲಿಲ್ಲ.

ತಿರುವು ಸಿಕ್ಕಿದ್ದು ಒಬ್ಬ ಭೌತವಿಜ್ಞಾನಿಯಿಂದ. ದ್ರವಚಲನೆಯ ಅಧ್ಯಯನಕ್ಕೆ ಹೆಸರಾದ ಕೇಂಬ್ರಿಜ್‌ನ ಜೆಫ್ರಿ ಇಂಗ್ರಮ್ ಟೇಲರ್ ಹಾಯಿದೋಣಿಯ ಹುಚ್ಚಿನವರು. 1927ರಲ್ಲಿ ‘ಫ್ರಾಲಿಕ್’ ದೋಣಿಯಲ್ಲಿ ನಾರ್ವೆಯ ಲೊಫೋಟೆನ್ ದ್ವೀಪಗಳವರೆಗೆ ಹೋಗಿ ಬಂದವರು. 1933ರಲ್ಲಿ ಅವರು ಪೇಟೆಂಟ್ ಪಡೆದ ಸಿ.ಕ್ಯು.ಆರ್. ಲಂಗರಿಗೆ ನೇಗಿಲಿನ ಗುಳದಂಥ ಒಂದೇ ಮೊನೆ, ದಂಡಕ್ಕೆ ಕೀಲು. ಅಡ್ಡಪಟ್ಟಿಯಿಲ್ಲ, ಮೇಲೆದ್ದು ನಿಲ್ಲುವ ಎರಡನೆಯ ಬಾಹುವೂ ಇಲ್ಲ. ಈ ಕೀಲಿನ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ದೋಣಿ ಅತ್ತಿತ್ತ ಹೊರಳಿದರೂ ಮೊನೆ ಕಿತ್ತುಬರದಿರಲು ಅದು ಬೇಕೆಂಬುದು ಒಂದು ಪಕ್ಷ. 1992ರ ಪೇಟೆಂಟಿನ ಡೆಲ್ಟಾ ಲಂಗರು ಕೀಲನ್ನೇ ಕೈಬಿಟ್ಟೂ ಚೆನ್ನಾಗಿ ಹಿಡಿಯಿತೆಂಬುದು ಇನ್ನೊಂದು. ಹಿಡಿತದ ಮಾತು ಏನೇ ಇರಲಿ, ಕೈಯಲ್ಲಿ ಹಿಡಿದವರ ಅನುಭವದಲ್ಲಿ ಕೀಲು ಬೆರಳು ಕಚ್ಚುವಂಥದ್ದು. ಡೆಲ್ಟಾದ ಬಾಗಿದ ಗಟ್ಟಿ ದಂಡವಾದರೋ ಸರಪಳಿ ಸಡಿಲಿಸಿದೊಡನೆ ದೋಣಿಯ ಮುಂತುದಿಯಲ್ಲಿ ಕೂರಿಸಿದ ಉರುಳೆಯಿಂದ, ಅಂದರೆ ರೋಲರಿನಿಂದ, ತಾನಾಗಿ ಜಾರುತ್ತದೆ.

ಈ ಲೇಖನದ ದೃಷ್ಟಿಯಲ್ಲಿ ಆ ರೋಲರ್ ಯಾವ ಲಂಗರಿಗಿಂತಲೂ ಕಡಿಮೆ ಮಹತ್ವದ್ದಲ್ಲ. ಅದರಿಂದಾಗಿ ಲಂಗರು ಅಟ್ಟದಿಂದ ಮುಂತುದಿಗೆ ಸ್ಥಳಾಂತರಗೊಂಡಿತು. ಭಾರವನ್ನು ಹೊತ್ತು, ಬಣ್ಣ ಕೆರೆಯದಂತೆ ಅಂಚಿನಾಚೆ ದಾಟಿಸುವ ಕೆಲಸವೇ ಇಲ್ಲವಾಯಿತು. ಆದರೆ ಅಲೆ ಹೊಡೆದಾಗ ಲಂಗರು ಎಗರದಂತೆ ಅಡ್ಡಮೊಳೆ ಮತ್ತು ಬಿಗಿಹಗ್ಗ ಬೇಕು. ರೋಲರ್ ಇಲ್ಲದ ದೋಣಿಗಳು ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ರೂಪುಗೊಂಡ, ಚಪ್ಪಟೆಯಾಗಿ ಮಲಗುವ ಡ್ಯಾನ್‌ಫೋರ್ತ್ ಲಂಗರನ್ನು ನೆಚ್ಚಿಕೊಂಡವು. ಫೈಬರ್‌ಗ್ಲಾಸ್ ದೋಣಿಗಳ ಮುಂಭಾಗದಲ್ಲಿ ಮುಚ್ಚಳದ ಗುಳಿ, ನೀರು ಬಸಿಯುವ ಕಿಂಡಿ ಬಂದದ್ದು ಇಂಥವಕ್ಕೆ ಅನುಕೂಲವಾಯಿತು.

ಸರಪಳಿಯ ಭಾರ ಬೇರೆಯೇ ತಲೆನೋವು. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕಿ.ಗ್ರಾಂ. ತೂಗುತ್ತದೆ, 50 ಮೀಟರಿಗೆ 70 ಕಿ.ಗ್ರಾಂ. ಇಷ್ಟು ಭಾರ ಮುಂತುದಿಯಲ್ಲಿದ್ದರೆ ದೋಣಿ ಅಲೆಗೆ ಮೂಗು ಅದ್ದುತ್ತದೆ. ಆದ್ದರಿಂದ ಕೆಲವರು ಕೊಳವೆಯ ಮೂಲಕ ಅದನ್ನು ಕೂವೆಮರದ ಬುಡದತ್ತ ಇಳಿಸುತ್ತಾರೆ. ಕೆಲವರು ಮೊದಲ ಕೆಲವು ಮೀಟರು ಸರಪಳಿ, ಉಳಿದದ್ದು ನೈಲಾನ್ ಹಗ್ಗ ಎಂದು ಹಂಚುತ್ತಾರೆ. ವಿಂಡ್‌ಲಾಸಿನ ಹಲ್ಲುಚಕ್ರ ಕೊಂಡಿಯ ಅಳತೆಗೆ ಸರಿಹೊಂದಬೇಕು. ಕೆಳಗೆ ಸರಪಳಿ ಬೀಳುವ ಗೂಡಿಗೆ ಆಳ ಸಾಲದಿದ್ದರೆ ಅದು ಗೋಪುರದಂತೆ ಏರಿ, ಮಗುಚಿ, ಸಿಕ್ಕುಬೀಳುತ್ತದೆ. ದೋಣಿ ನಿಂತ ಮೇಲೆ ಎಳೆತವನ್ನು ವಿಂಡ್‌ಲಾಸಿಗೆ ಬಿಡದೆ ಹಿಗ್ಗುವ ನೈಲಾನ್ ಹಗ್ಗಕ್ಕೆ ವರ್ಗಾಯಿಸುವುದು ರೂಢಿ.

1980ರ ದಶಕದಲ್ಲಿ ಜರ್ಮನಿಯ ರೋಲ್ಫ್ ಕಾಜಿರೆಕ್‌ ಅವರ ಬ್ಯೂಗೆಲ್, 2000ದ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಸ್ಮಿತ್‌ ಅವರ ರಾಕ್ನಾ ಲಂಗರುಗಳು ಬೆನ್ನಿಗೆ ಕಮಾನು ಹೊತ್ತು ಬಂದವು. ತಳದಲ್ಲಿ ಅಡ್ಡಬಿದ್ದರೆ ಆ ಕಮಾನು ಲಂಗರನ್ನು ಹೊರಳಿಸಿ ಮೊನೆಯನ್ನು ನೆಲಕ್ಕೆ ತಿರುಗಿಸುತ್ತದೆ. ಆದರೆ ಅದೇ ಕಮಾನು ಅನೇಕ ದೋಣಿಗಳ ಮುಂತುದಿಯ ಜೋಡಣೆಗೆ ತಗುಲಿ, ಲಂಗರು ತನ್ನ ಜಾಗದಲ್ಲಿ ಕೂರದಂತೆ ಮಾಡಿತು. ಸ್ಮಿತ್ ಆಮೇಲೆ ಕಮಾನಿಲ್ಲದ ವಲ್ಕನ್ ಮಾದರಿಯನ್ನೂ ರೂಪಿಸಿದರು. ಇತ್ತ ಫೋರ್ಟ್ರೆಸ್ ಎಂಬ ಅಲ್ಯೂಮಿನಿಯಂ ಲಂಗರು, ಹೆರೆಶಾಫ್ ಅವರ ಲಂಗರಿನಂತೆ, ಬಿಚ್ಚಿ ಒಳಗಿಡುವ ಪದ್ಧತಿಗೆ ಮರಳಿದೆ. ಅದನ್ನು ಹೆಚ್ಚಾಗಿ ಎರಡನೆಯ ಲಂಗರಾಗಿ ಒಯ್ಯುತ್ತಾರೆ.